ಹಾಡಲು ಬರುವ ಪುಟ

— ಅಕ್ಕ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹುಡುಗ ಹುಡುಗಿಯರಿಗೆಂದೇ ಒಂದು ಹಾಡಿನ ಮಾಸಪತ್ರಿಕೆ ಎಂದರೆ ಕೇಳಲು ಚೆನ್ನಾಗಿದೆ. ಆದರೆ ನಾನೂ ಆ ವಯಸ್ಸಿನವನೇ. ಹಾಡು ಬೇಕೆಂದರೆ ಫೋನಿದೆ, ಹಾಡಿನ ಸುದ್ದಿಗೆ ರೀಲ್ಸ್ ಇದೆ, ಗಾಯಕರ ಫೋಟೊ ಬೇಕೆಂದರೆ ಅವರೇ ದಿನವೂ ಹಾಕುತ್ತಾರೆ. ಕಾಗದದ ಮೇಲೆ ಅಚ್ಚಾದದ್ದನ್ನು ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು? ಮುಖಪುಟಕ್ಕೆ ಎಷ್ಟೇ ಬಣ್ಣ ಬಳಿದರೂ ಈ ಪ್ರಶ್ನೆ ಹಾಗೇ ನಿಂತಿರುತ್ತದೆ.

— ನಿಜ, ಬಣ್ಣದಿಂದ ಅದಕ್ಕೆ ಉತ್ತರ ಸಿಗದು. ಹುಡುಗರನ್ನು ಸೆಳೆಯಬೇಕು ಎಂದ ಕೂಡಲೇ ಪತ್ರಿಕೆ ಮಾಡುವವರು ಓರೆಯಾದ ದಪ್ಪ ಅಕ್ಷರ, ಚಿತ್ರದ ಮೇಲೆ ಚಿತ್ರ, ಪುಟಕ್ಕೆ ಹತ್ತು ಬಾಕ್ಸು ಎಂದು ಶುರು ಮಾಡುತ್ತಾರೆ. ಫೋನಿನ ಪರದೆಯನ್ನು ಕಾಗದದಲ್ಲಿ ಅನುಕರಿಸಿದರೆ ಕಾಗದ ಸೋಲುವುದು ಖಚಿತ. ಅದು ಮಿನುಗುವುದಿಲ್ಲ, ಅಲುಗಾಡುವುದಿಲ್ಲ, ದನಿ ಮಾಡುವುದಿಲ್ಲ. ಹಾಗಾಗಿ ನನ್ನ ವಾದ ಬೇರೆ ಕಡೆಯಿಂದ ಹೊರಡುತ್ತದೆ. ಹಾಡಿನ ಪತ್ರಿಕೆಯ ಪುಟವನ್ನು ಎದುರಿಗಿಟ್ಟುಕೊಂಡು ಹಾಡಲು ಬರಬೇಕು. ನಮ್ಮ ನಾಡಿನಲ್ಲಿ ಇದಕ್ಕೆ ಹಳೆಯ ಸಾಕ್ಷಿಯೇ ಇದೆ. ಚಿತ್ರಮಂದಿರದ ಬಾಗಿಲಲ್ಲಿ, ಬಸ್ ನಿಲ್ದಾಣದಲ್ಲಿ, ಜಾತ್ರೆಯ ಬೀದಿಯಲ್ಲಿ ಸಿನಿಮಾ ಹಾಡಿನ ಪುಸ್ತಕ ಮಾರುತ್ತಿದ್ದರಲ್ಲ, ಅದರಲ್ಲಿ ಏನಿತ್ತು? ತೆಳು ಕಾಗದ, ಮಂಕಾದ ಒಂದೆರಡು ಚಿತ್ರ, ಅರ್ಧಕ್ಕೆ ನಿಲ್ಲಿಸಿದ ಕಥಾಸಾರ, ಮಿಕ್ಕಂತೆ ಪದ್ಯಾವಳಿ. ವಿನ್ಯಾಸ ಎನ್ನುವಂಥದ್ದು ಏನೂ ಇರಲಿಲ್ಲ. ಅದೇ ಕಾಲದಲ್ಲಿ ‘ರೂಪತಾರಾ’, ‘ವಿಜಯಚಿತ್ರ’ಗಳಂಥ ಸಿನಿಮಾ ಪತ್ರಿಕೆಗಳು ಅದಕ್ಕಿಂತ ಎಷ್ಟೋ ಚೆಂದದ ಚಿತ್ರಗಳನ್ನು ಕೊಡುತ್ತಿದ್ದವು. ಆದರೂ ಆ ಬಡ ಪುಸ್ತಕಕ್ಕೆ ಕೊಳ್ಳುವವರಿದ್ದರು, ಯಾಕೆಂದರೆ ಅದನ್ನು ಹಿಡಿದು ಹಾಡಬಹುದಿತ್ತು. ಪತ್ರಿಕೆಯನ್ನು ಒಮ್ಮೆ ಓದಿ ಪಕ್ಕಕ್ಕಿಡುತ್ತಿದ್ದರು. ಹಾಡಿನ ಪುಸ್ತಕ ಅಂಚು ಹರಿದು ಹಾಳೆ ಬೀಳುವವರೆಗೆ ಕೈಯಿಂದ ಕೈಗೆ ಹೋಗುತ್ತಿತ್ತು.

ಇದು ನಮ್ಮಲ್ಲಿ ಮಾತ್ರ ಕಂಡ ಸಂಗತಿಯಲ್ಲ. ಇಂಗ್ಲೆಂಡಿನಲ್ಲಿ ನಿಕ್ ಲೋಗನ್ 1978ರಲ್ಲಿ ‘ಸ್ಮ್ಯಾಶ್ ಹಿಟ್ಸ್’ ಎಂಬ ಪತ್ರಿಕೆ ಶುರು ಮಾಡಿದ. ಅದಕ್ಕೂ ಮುಂಚೆ ಅವನು ‘ಎನ್‌ಎಂಇ’ ಎಂಬ ಪ್ರತಿಷ್ಠಿತ ಸಂಗೀತ ವಾರಪತ್ರಿಕೆಯ ಸಂಪಾದಕನಾಗಿದ್ದವನು. ಅಲ್ಲಿ ಉದ್ದುದ್ದ ವಿಮರ್ಶೆ ಬರುತ್ತಿತ್ತು. ಹೊಸ ಪತ್ರಿಕೆಯಲ್ಲಿ ಅವನು ಆ ವಾರಗಳ ಜನಪ್ರಿಯ ಹಾಡುಗಳ ಪೂರ್ತಿ ಸಾಹಿತ್ಯವನ್ನು ಅಚ್ಚು ಹಾಕಿದ, ಪಕ್ಕದಲ್ಲಿ ಹಾಡಿದವರ ದೊಡ್ಡ ಬಣ್ಣದ ಚಿತ್ರ ಇಟ್ಟ. ಶಾಲೆಯ ಮಕ್ಕಳು ಮುಗಿಬಿದ್ದು ಕೊಂಡರು. ಜರ್ಮನಿಯಲ್ಲಿ 1956ರಲ್ಲಿ ಶುರುವಾದ ‘ಬ್ರಾವೊ’ ಇನ್ನೊಂದು ದಾರಿ ಹಿಡಿಯಿತು. 1959ರಿಂದ ಅದು ತಾರೆಯರ ಆಳೆತ್ತರದ ಚಿತ್ರವನ್ನು ತುಂಡು ತುಂಡಾಗಿ ಸಂಚಿಕೆಯಿಂದ ಸಂಚಿಕೆಗೆ ಕೊಟ್ಟಿತು. ಓದುಗರು ಕತ್ತರಿಸಿ, ಕೂಡಿಸಿ, ಗೋಡೆಗೆ ಅಂಟಿಸಬೇಕು. ಎರಡೂ ಕಡೆ ಗೆದ್ದದ್ದು ಒಂದೇ ಗುಣ: ಓದುಗರ ಕೈಗೂ ಬಾಯಿಗೂ ಕೆಲಸ ಕೊಟ್ಟದ್ದು.

— ಆ ‘ಸ್ಮ್ಯಾಶ್ ಹಿಟ್ಸ್’ 2006ರಲ್ಲಿ ಮುಚ್ಚಿತಲ್ಲ. ‘ಎನ್‌ಎಂಇ’ಯ ಅಚ್ಚಿನ ವಾರಪತ್ರಿಕೆಯೂ 2018ರಲ್ಲಿ ನಿಂತಿತು. ದೊಡ್ಡ ಊರು, ದೊಡ್ಡ ಭಾಷೆ, ದೊಡ್ಡ ಬಂಡವಾಳ ಇದ್ದವರೇ ಬಾಗಿಲು ಹಾಕಿದ ಮೇಲೆ ಚಿಂತಾಮಣಿಯ ಹುಡುಗರನ್ನು ನಂಬಿಕೊಂಡು ಹೊರಡುವುದು ಯಾವ ಧೈರ್ಯ? ನಿಮ್ಮ ಸಾಕ್ಷಿಯೇ ನಿಮ್ಮ ವಿರುದ್ಧ ನಿಲ್ಲುತ್ತದೆ.

— ಆ ಪತ್ರಿಕೆಗಳು ಲಕ್ಷಗಟ್ಟಲೆ ಪ್ರತಿ ಮಾರಿ, ಆ ಲೆಕ್ಕದ ಜಾಹೀರಾತಿನಿಂದ ಬದುಕಿದವು. ತಾರೆಯರ ಸುದ್ದಿ, ತಾರೆಯರ ಚಿತ್ರ ಅವುಗಳ ಬಂಡವಾಳ. ಆ ಎರಡನ್ನೂ ಟಿ.ವಿ., ಆಮೇಲೆ ಇಂಟರ್‌ನೆಟ್ ಬೇಗ ಕೊಟ್ಟವು, ಪುಕ್ಕಟೆ ಕೊಟ್ಟವು. ಅಷ್ಟು ದೊಡ್ಡ ಯಂತ್ರ ತಿರುಗುವುದಕ್ಕೆ ಬೇಕಾದ ಎಣ್ಣೆ ಬತ್ತಿತು. ನಮ್ಮದು ಒಂದು ಜಿಲ್ಲೆಯ ಮಾತು. ನಾಲ್ಕು ಊರಿನ ಕಾಲೇಜು, ಗಾರ್ಮೆಂಟ್ಸ್, ರೇಷ್ಮೆ ಘಟಕ, ಹೂವಿನ ಮಂಡಿ, ಇಷ್ಟರೊಳಗೆ ಒಂದೆರಡು ಸಾವಿರ ಪ್ರತಿ ಹೋದರೆ ಉಸಿರಾಡುವ ಪತ್ರಿಕೆ ಇದು. ಇದಕ್ಕೆ ಹತ್ತಿರದ ಉದಾಹರಣೆ ಲಂಡನ್ನಿನಲ್ಲಿ ಇಲ್ಲ, ಅಲಹಾಬಾದಿನಲ್ಲಿದೆ. 1993ರಲ್ಲಿ ಅಮಿತ್ ಸೈಗಲ್ ಅಲ್ಲಿಂದ ‘ರಾಕ್ ಸ್ಟ್ರೀಟ್ ಜರ್ನಲ್’ ಹೊರತಂದರು. ಮುಂಬಯಿ, ಬೆಂಗಳೂರಿನ ಪತ್ರಿಕಾ ಕಚೇರಿಗಳು ಕಾಲೇಜು ಹುಡುಗರ ಬ್ಯಾಂಡುಗಳನ್ನು ತಿರುಗಿ ನೋಡದ ಕಾಲದಲ್ಲಿ ಆ ಪತ್ರಿಕೆ ಅವರ ಬಗ್ಗೆಯೇ ಬರೆಯಿತು. ಮುಂದೆ ಅದೇ ಬಳಗ ‘ಗ್ರೇಟ್ ಇಂಡಿಯನ್ ರಾಕ್’ ಎಂಬ ಉತ್ಸವ ನಡೆಸಿತು. ಓದುವವರೂ ನುಡಿಸುವವರೂ ಬಹುಮಟ್ಟಿಗೆ ಒಬ್ಬರೇ ಆಗಿದ್ದರಿಂದ ಆ ಪತ್ರಿಕೆ ಬೇರುಬಿಟ್ಟಿತು. ನಮ್ಮ ಕಡೆಯೂ ನುಡಿಸುವವರಿಗೆ ಬರವೇನಿಲ್ಲ. ಗಣೇಶನ ಹಬ್ಬಕ್ಕೆ, ಜಾತ್ರೆಗೆ, ಮದುವೆಯ ಹಿಂದಿನ ರಾತ್ರಿಗೆ ಆರ್ಕೆಸ್ಟ್ರಾ, ರಸಮಂಜರಿ ಎಂದು ಹಾಡುವವರು, ಕೀಬೋರ್ಡ್ ಹಿಡಿಯುವವರು, ಪ್ಯಾಡ್ ಬಡಿಯುವವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಅವರಿಗೊಂದು ಪತ್ರಿಕೆ ಇಲ್ಲ, ಅಷ್ಟೇ.

— ಸರಿ, ಹಾಡುವವರಿದ್ದಾರೆ. ಅವರಿಗೂ ಸಾಹಿತ್ಯ ಫೋನಿನಲ್ಲೇ ಸಿಗುತ್ತದಲ್ಲ. ಹಾಡಿನ ಹೆಸರು ಟೈಪ್ ಮಾಡಿದರೆ ಸಾಕು.

— ಸಿಗುತ್ತದೆ, ಹೇಗೆ ಸಿಗುತ್ತದೆ ಎಂದು ನೋಡು. ಬಹಳಷ್ಟು ಲಿರಿಕಲ್ ವಿಡಿಯೊಗಳಲ್ಲಿ ಕನ್ನಡದ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ತೋರಿಸುತ್ತಾರೆ. ಹ್ರಸ್ವ ಯಾವುದು, ದೀರ್ಘ ಯಾವುದು, ಲಕಾರವೋ ಳಕಾರವೋ ಎಂಬುದು ಅಲ್ಲಿ ಕಾಣದು. ಸಾಲು ಬಂದಷ್ಟೇ ಬೇಗ ಮಾಯವಾಗುತ್ತದೆ; ಪಲ್ಲವಿಗೂ ಎರಡನೇ ಚರಣಕ್ಕೂ ಇರುವ ನಂಟು ಒಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ. ರ‍್ಯಾಪ್ ಬಂದ ಮೇಲಂತೂ ತೊಂದರೆ ಇನ್ನೂ ಹೆಚ್ಚಿತು. ಚಂದನ್ ಶೆಟ್ಟಿ, ಆಲ್ ಓಕೆ ಇವರ ಹಾಡುಗಳಲ್ಲಿ ಒಂದು ಉಸಿರಿಗೆ ಹಳೆಯ ಚಿತ್ರಗೀತೆಯ ಒಂದು ಚರಣದಷ್ಟು ಮಾತು ಬಂದುಬಿಡುತ್ತದೆ. ಕಿವಿಗೆ ಲಯ ಸಿಗುತ್ತದೆ, ಮಾತು ಜಾರುತ್ತದೆ. ಪ್ರಾಸ ಎಲ್ಲಿ ಕೂತಿದೆ, ಎಲ್ಲಿ ತಾಳದ ಪೆಟ್ಟಿಗೆ ಮುಂಚೆಯೇ ಪದ ಬೀಳುತ್ತದೆ ಎಂಬುದು ಅಚ್ಚಾದ ಪುಟದಲ್ಲಿ ಕಂಡಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣದು. ಆದ್ದರಿಂದ ನಮ್ಮ ಪತ್ರಿಕೆಯ ಮೊದಲ ವಿನ್ಯಾಸದ ಪ್ರಶ್ನೆ ಮುಖಪುಟದ್ದಲ್ಲ, ಸಾಹಿತ್ಯದ ಪುಟದ್ದು. ಸಾಲನ್ನು ಜಾಗ ಸಾಲದೆಂದು ಮುರಿಯಬಾರದು, ಉಸಿರು ತೆಗೆಯುವಲ್ಲಿ ಮುರಿಯಬೇಕು. ಪಲ್ಲವಿ ಮರಳಿ ಬರುವ ಜಾಗವನ್ನು ಅಂಚಿನಲ್ಲಿ ಒಂದು ಗುರುತಿನಿಂದ ತೋರಿಸಬೇಕು. ಗಿಟಾರ್, ಕೀಬೋರ್ಡ್ ಹಿಡಿಯುವವರಿಗೆ ಸಾಲಿನ ಮೇಲೆ ಸಣ್ಣದಾಗಿ ಕಾರ್ಡ್ ಹೆಸರು ಬರಬೇಕು. ಆ ಹಾಡನ್ನು ಯಾರು ಬರೆದರು, ಯಾರು ಸ್ವರ ಹಾಕಿದರು, ಯಾರು ತಬಲ ನುಡಿಸಿದರು ಎಂಬುದು ಕೆಳಗೆ ಬರಬೇಕು. ಹಂಸಲೇಖ 1987ರ ‘ಪ್ರೇಮಲೋಕ’ಕ್ಕೆ ಮಾತಾಡುವ ಧಾಟಿಯಲ್ಲೇ ಹಾಡು ಬರೆದದ್ದು, ಜಯಂತ ಕಾಯ್ಕಿಣಿ 2006ರ ‘ಮುಂಗಾರು ಮಳೆ’ಗೆ ಬರೆದದ್ದು, ಆ ಪದಗಳಿಂದಲೇ ಒಂದು ಇಡೀ ತಲೆಮಾರು ಹೇಗೆ ಪ್ರೀತಿ ಹೇಳಿಕೊಂಡಿತು ಎಂಬುದು ಬರೆಯಲು ಯೋಗ್ಯವಾದ ವಿಷಯ. ಹಾಡಿನ ಮಗ್ಗುಲಲ್ಲಿ ಅರ್ಧ ಪುಟದ ಇಂಥ ಬರಹ ಕೊಟ್ಟರೆ ಹುಡುಗರು ಓದುತ್ತಾರೆ. ಹಾಡಿಗಾಗಿ ಬಂದ ಕಣ್ಣು ಅಲ್ಲಿಯೇ ಇರುತ್ತದೆ.

ಇನ್ನು ಅಕ್ಷರದ ಮಾತು. ಹುಡುಗರ ಪತ್ರಿಕೆ ಎಂದು ಇಂಗ್ಲಿಷಿನಲ್ಲಿ ಒತ್ತೊತ್ತಾದ ದಪ್ಪ ಅಕ್ಷರ ಬಳಸುತ್ತಾರೆ. ಅದನ್ನೇ ಕನ್ನಡಕ್ಕೆ ತಂದರೆ ಓದಲಾಗದು. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಬರುತ್ತದೆ, ಮೇಲೆ ಗುಡಿಸು ಬರುತ್ತದೆ, ಪಕ್ಕಕ್ಕೆ ದೀರ್ಘ ಚಾಚುತ್ತದೆ. ಎರಡು ಸಾಲಿನ ನಡುವೆ ಸಾಕಷ್ಟು ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹನ್ನೊಂದು ಪಾಯಿಂಟಿನ ಅಕ್ಷರಕ್ಕೆ ಹದಿನಾರು, ಹದಿನೇಳು ಪಾಯಿಂಟಿನ ಸಾಲು ಕೊಡಬೇಕು; ವೇದಿಕೆಯ ಮಬ್ಬು ಬೆಳಕಿನಲ್ಲಿ ಹಾಡುವವರಿಗೆಂದು ಸಾಹಿತ್ಯದ ಅಕ್ಷರ ಇನ್ನೂ ಒಂದೆರಡು ಪಾಯಿಂಟು ದೊಡ್ಡದಿರಲಿ. ಶೀರ್ಷಿಕೆಗೆ ‘ಬಲೂ ತಮ್ಮ’ದಂಥ ಗುಂಡು ಗುಂಡಾದ ದಪ್ಪ ಫಾಂಟುಗಳು ಈಗ ಉಚಿತವಾಗಿಯೇ ಸಿಗುತ್ತವೆ. ಅದಕ್ಕಿಂತ ಒಳ್ಳೆಯದು ನಮ್ಮ ಊರುಗಳಲ್ಲಿ ಗೋಡೆಗೂ ಲಾರಿಗೂ ಅಂಗಡಿ ಬೋರ್ಡಿಗೂ ಬರೆಯುತ್ತಿದ್ದವರ ಕೈ. ಫ್ಲೆಕ್ಸ್ ಬಂದ ಮೇಲೆ ಅವರ ಕೆಲಸ ಬಹುಪಾಲು ಹೋಯಿತು. ಪ್ರತಿ ಸಂಚಿಕೆಯ ಹೆಸರನ್ನು ಅಂಥ ಒಬ್ಬರಿಂದ ಬರೆಸಿ, ಅವರ ಹೆಸರನ್ನು ಒಳಪುಟದಲ್ಲಿ ಹಾಕಿದರೆ ಪತ್ರಿಕೆಗೆ ಈ ಸೀಮೆಯ ಮುಖ ಬರುತ್ತದೆ. ಇದು ನನಗೆ ಬಹಳ ಮುಖ್ಯವಾದ ಮಾತು.

— ಈ ಸೀಮೆ ಎಂದಿರಿ. ಈ ಸೀಮೆಯ ಹುಡುಗರು ಕೇಳುವುದು ಅರ್ಧಕ್ಕರ್ಧ ತೆಲುಗು ಹಾಡು. ಗೌರಿಬಿದನೂರು ದಾಟಿದರೆ ಆಂಧ್ರದ ಹಿಂದೂಪುರ. ‘ಆರ್‌ಆರ್‌ಆರ್’ ಸಿನಿಮಾ ಬಿಡುಗಡೆಗೆ ಮುಂಚೆ 2022ರ ಮಾರ್ಚ್ 19ರಂದು ದೊಡ್ಡ ಸಮಾರಂಭ ನಡೆಸಲು ಚಿತ್ರತಂಡ ಆರಿಸಿಕೊಂಡದ್ದು ಚಿಕ್ಕಬಳ್ಳಾಪುರವನ್ನು. ಮರುವರ್ಷ ಅದರ ಹಾಡಿಗೆ ಆಸ್ಕರ್ ಬಂದಾಗ ನಮ್ಮ ಹುಡುಗರು ಅದು ತಮ್ಮದೇ ಎನ್ನುವಂತೆ ಕುಣಿದರು. ಕನ್ನಡ ಹಾಡು ಮಾತ್ರ ಹಾಕಿದರೆ ನಿಮ್ಮ ಓದುಗರ ಕಿವಿಯನ್ನು ಬಿಟ್ಟಂತೆ. ತೆಲುಗು ಹಾಕಿದರೆ ಕನ್ನಡ ಪತ್ರಿಕೆ ಎನ್ನುವುದು ಹೇಗೆ? ಬೈಗುಳ ಎರಡು ಕಡೆಯಿಂದಲೂ ಬರುತ್ತದೆ.

— ಇದಕ್ಕೆ ಉತ್ತರ ಈ ನೆಲದಲ್ಲಿ ಬಹಳ ಹಿಂದೆಯೇ ಸಿಕ್ಕಿದೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯ, ಯೋಗಿ ನಾರೇಯಣ, ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದವರು. ಅವರ ಪದಗಳನ್ನು ಹಾಡುವ ಭಜನೆ ಮೇಳಗಳಿಗೆ ಎರಡು ಭಾಷೆಯ ನಡುವೆ ಗೆರೆ ಎಳೆಯಬೇಕು ಎನಿಸಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಇದು ನಮ್ಮ ಜಿಲ್ಲೆಯ ಸಾವಿರಾರು ಮನೆಗಳ ಸ್ಥಿತಿ. ಈ ಮಕ್ಕಳಿಗೆ ತೆಲುಗು ಮಾತು ಬರುತ್ತದೆ, ತೆಲುಗು ಲಿಪಿ ಸರಾಗವಾಗಿ ಬರುವುದಿಲ್ಲ. ತೆಲುಗು ಹಾಡಿನ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಅಚ್ಚುಕಟ್ಟಾಗಿ ಕೊಡುವ ಪತ್ರಿಕೆ ಹೈದರಾಬಾದಿನಿಂದ ಬರುವುದಿಲ್ಲ, ಬೆಂಗಳೂರಿನಿಂದಲೂ ಬರುವುದಿಲ್ಲ. ಅದು ಬೇಕಾಗಿರುವುದು ಇಲ್ಲಿಗೆ. ಎರಡು ಲಿಪಿಗಳೂ ಒಂದೇ ಬೇರಿನವು, ಒಂದರ ಸ್ವರ ವ್ಯಂಜನಗಳು ಇನ್ನೊಂದರಲ್ಲಿ ಹೆಚ್ಚು ಕಷ್ಟವಿಲ್ಲದೆ ಕೂರುತ್ತವೆ. ಪಕ್ಕದಲ್ಲಿ ಕನ್ನಡದಲ್ಲಿ ಭಾವಾರ್ಥ ಕೊಟ್ಟರೆ ತೆಲುಗು ಬಾರದ ಗೆಳೆಯನೂ ಹಾಡುತ್ತಾನೆ. ಇದರಿಂದ ಕನ್ನಡ ಸೊರಗುತ್ತದೆ ಎನ್ನುವವರ ಆತಂಕ ನನಗೆ ಅರ್ಥವಾಗುತ್ತದೆ, ಗಡಿ ಜಿಲ್ಲೆಯಲ್ಲಿ ಆ ಆತಂಕಕ್ಕೆ ಕಾರಣಗಳೂ ಇವೆ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ತೆಲುಗು ಹಾಡನ್ನು ಓದಿಕೊಳ್ಳುತ್ತಿರುವ ಹುಡುಗಿ ಕನ್ನಡ ಅಕ್ಷರಕ್ಕೆ ಮರಳಿದರೆ ಕನ್ನಡಕ್ಕೆ ಓದುವವಳೊಬ್ಬಳು ಸಿಕ್ಕಂತೆ. ಇವತ್ತು ತೆಲುಗು ಹಾಡು ಓದಿದ ಕಣ್ಣು ಎದುರು ಪುಟದ ಕನ್ನಡ ರ‍್ಯಾಪನ್ನೂ ಓದುತ್ತದೆ.

— ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲರ್‌ಗಳ ಮನೆಗಳಲ್ಲಿ ಉರ್ದು. ಅವರ ಮಕ್ಕಳು ಹಿಂದಿ ಹಾಡು ಕೇಳುತ್ತಾರೆ.

— ಅವರಲ್ಲಿ ಕನ್ನಡ ಶಾಲೆಗೆ ಹೋದವರಿಗೆ ಇದೇ ದಾರಿ ಸಾಕು. ಉರ್ದು ಶಾಲೆಯಲ್ಲೇ ಓದಿದವರನ್ನು ಈ ಪತ್ರಿಕೆ ಮುಟ್ಟುವುದು ಕಷ್ಟ. ಮುಟ್ಟುತ್ತೇವೆ ಎಂದು ಸುಳ್ಳು ಹೇಳುವುದಕ್ಕಿಂತ ಅದನ್ನು ಈಗಲೇ ಒಪ್ಪಿಕೊಳ್ಳುವುದು ಮೇಲು. ಕೊನೇ ಪಕ್ಷ ತಿಂಗಳಿಗೊಂದು ಹಿಂದಿ ಹಾಡು ಕನ್ನಡ ಲಿಪಿಯಲ್ಲಿ ಬರಲಿ, ಆ ಊರಿನಲ್ಲಿ ಹಾಡುವವರ ಬಗ್ಗೆ ಬರಹ ಬರಲಿ.

— ಇಷ್ಟೆಲ್ಲಕ್ಕೆ ಪುಟ ಎಷ್ಟು, ಬಣ್ಣ ಎಷ್ಟು, ಬೆಲೆ ಎಷ್ಟು? ಎಲ್ಲವೂ ಬಣ್ಣದಲ್ಲಿ ಬೇಕೆಂದರೆ ಒಂದು ಪ್ಲೇಟು ಬಿರಿಯಾನಿಗಿಂತ ದುಬಾರಿಯಾಗುತ್ತದೆ. ಕಪ್ಪು ಬಿಳುಪು ಎಂದರೆ ಹುಡುಗರು ಕೈಗೆತ್ತಿಕೊಳ್ಳುವುದಿಲ್ಲ.

— ಹದಿನಾರು ಪುಟದ ಒಂದು ಫಾರಂ ಸಾಕು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ವಿನ್ಯಾಸ ಎಂಬುದು ಹೆಚ್ಚಾಗಿ ಇಲ್ಲಿಯೇ ತೀರ್ಮಾನವಾಗುತ್ತದೆ. ದೊಡ್ಡ ಹಾಳೆಯ ಒಂದು ಮಗ್ಗುಲಲ್ಲಿ ಎಂಟು ಪುಟ, ಇನ್ನೊಂದು ಮಗ್ಗುಲಲ್ಲಿ ಎಂಟು ಪುಟ ಅಚ್ಚಾಗುತ್ತವೆ. ಆಮೇಲೆ ಮಡಚಿ, ಹೊಲಿದು, ಅಂಚು ಕತ್ತರಿಸುತ್ತಾರೆ. ಹೊರ ಮಗ್ಗುಲಿಗೆ ಬರುವ ಪುಟಗಳು 1, 4, 5, 8, 9, 12, 13, 16. ಒಳ ಮಗ್ಗುಲಿಗೆ 2, 3, 6, 7, 10, 11, 14, 15. ಹೊರ ಮಗ್ಗುಲನ್ನು ಮಾತ್ರ ನಾಲ್ಕು ಬಣ್ಣದಲ್ಲಿ, ಒಳ ಮಗ್ಗುಲನ್ನು ಒಂದೇ ಬಣ್ಣದಲ್ಲಿ ಅಚ್ಚು ಹಾಕಿಸಿದರೆ ಪ್ಲೇಟಿನ ಖರ್ಚೂ ಮುದ್ರಣದ ಖರ್ಚೂ ಎಷ್ಟೋ ಇಳಿಯುತ್ತದೆ. ಹೀಗೆ ಮಾಡಿದಾಗ ಮುಖಪುಟ, ಹಿಂಪುಟ, ನಡುಪುಟದ ಜೋಡಿ ಎಲ್ಲವೂ ಬಣ್ಣದಲ್ಲೇ ಬರುತ್ತವೆ. ಅಷ್ಟೇ ಅಲ್ಲ, ತಿರುವುತ್ತ ಹೋದರೆ ಎದುರುಬದುರು ಪುಟಗಳ ಜೋಡಿ ಒಂದು ಬಣ್ಣದ್ದು, ಒಂದು ಒಂಟಿ ಮಸಿಯದ್ದು, ಮತ್ತೆ ಬಣ್ಣದ್ದು ಎಂದು ಸರದಿಯಾಗಿ ಸಿಗುತ್ತದೆ. ಈ ಸರದಿಯನ್ನೇ ಪತ್ರಿಕೆಯ ತಾಳ ಮಾಡಿಕೊಳ್ಳಬಹುದು. ಬಣ್ಣದ ಜೋಡಿಯಲ್ಲಿ ಚಿತ್ರ, ವ್ಯಕ್ತಿ, ವಾದ್ಯ. ಮಸಿಯ ಜೋಡಿಯಲ್ಲಿ ಹಾಡಿನ ಸಾಹಿತ್ಯ. ಆ ಮಸಿ ಕಪ್ಪೇ ಆಗಬೇಕಿಲ್ಲ, ಒಂದು ತಿಂಗಳು ಕಡು ನೀಲಿ, ಇನ್ನೊಂದು ತಿಂಗಳು ಕಡು ಕೆಂಪು ಇರಲಿ. ಓದಲು ಅಡ್ಡಿಯಿಲ್ಲ, ಹಣ ಉಳಿಸಲು ಹೀಗೆ ಮಾಡಿದರು ಎನಿಸದು.

ನಡುವಿನ 8 ಮತ್ತು 9ನೇ ಪುಟ ಪೋಸ್ಟರು. ಅದನ್ನು ಕಿತ್ತು ಗೋಡೆಗೆ ಅಂಟಿಸಿದರೆ ಬೆನ್ನಲ್ಲಿರುವ 7 ಮತ್ತು 10ನೇ ಪುಟ ಹೋಗುತ್ತವೆ. ಅಲ್ಲಿ ಸಾಹಿತ್ಯ ಇಟ್ಟರೆ ಓದುಗರು ಕೀಳಬೇಕೋ ಬೇಡವೋ ಎಂದು ಒದ್ದಾಡುತ್ತಾರೆ. ಜಾಹೀರಾತು ಇಟ್ಟರೆ ದುಡ್ಡು ಕೊಟ್ಟವರು ಮುನಿಸಿಕೊಳ್ಳುತ್ತಾರೆ. ಆ ತಿಂಗಳ ಜಾತ್ರೆ, ರಸಮಂಜರಿ, ಕಾಲೇಜು ಸ್ಪರ್ಧೆಗಳ ಪಟ್ಟಿ ಇಟ್ಟರೆ, ತಿಂಗಳು ಮುಗಿದ ಮೇಲೆ ಪೋಸ್ಟರು ಗೋಡೆ ಸೇರುವ ಹೊತ್ತಿಗೆ ಅದರ ಕೆಲಸವೂ ಮುಗಿದಿರುತ್ತದೆ. ಬೆಲೆ ಕಾಲೇಜಿನ ಕ್ಯಾಂಟೀನಿನಲ್ಲಿ ಒಂದು ಕಾಫಿ, ಒಂದು ಬನ್ನಿಗೆ ಕೊಡುವಷ್ಟಿರಬೇಕು. ಮಾರುವ ಜಾಗ ಪುಸ್ತಕದಂಗಡಿಯಲ್ಲ. ಹಿಂದೆ ಕ್ಯಾಸೆಟ್ ಮಾರಿದ, ಆಮೇಲೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಟ್ಟ, ಈಗ ಮೊಬೈಲ್ ಕವರು, ಇಯರ್‌ಫೋನು ಮಾರುವ ಅಂಗಡಿಗಳಿವೆಯಲ್ಲ, ಅಲ್ಲಿ. ಹಾಡಿಗಾಗಿ ಹುಡುಗರು ಹೋಗಿ ಅಭ್ಯಾಸವಾದ ಬಾಗಿಲು ಅದು.

— ಮುಖಪುಟ? ಅಲ್ಲಿ ಯಾವ ವಾದವೂ ನಡೆಯುವುದಿಲ್ಲ ಅಕ್ಕ. ಸಿನಿಮಾ ನಟನ ಮುಖ ಬೇಕು. ಇಲ್ಲದಿದ್ದರೆ ಅಂಗಡಿಯವನೇ ಮುಂದೆ ನೇತುಹಾಕುವುದಿಲ್ಲ.

— ನಟನ ಮುಖವನ್ನು ಈಗಾಗಲೇ ಫ್ಲೆಕ್ಸು, ಪೋಸ್ಟರು, ಟಿ.ವಿ., ಫೋನು ಎಲ್ಲವೂ ತೋರಿಸುತ್ತಿವೆ. ಎಲ್ಲ ಕಡೆ ಇರುವುದನ್ನೇ ನಾವೂ ಇಟ್ಟರೆ ನೇತುಹಾಕಿದ್ದೂ ಕಾಣಿಸುವುದಿಲ್ಲ. ನನ್ನ ಮೊದಲ ಸಂಚಿಕೆಯ ಮುಖಪುಟದಲ್ಲಿ ತಮಟೆ ಇರಬೇಕು, ಅದನ್ನು ನುಡಿಸುವ ಮುನಿವೆಂಕಟಪ್ಪನವರಿರಬೇಕು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯವರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ವಯಸ್ಸಾದವರ ಚಿತ್ರ ಹಾಕಿ ಹುಡುಗರನ್ನು ಕರೆಯುತ್ತೀರಾ ಎಂದು ನೀನು ಕೇಳುತ್ತೀಯ. ಈ ಜಿಲ್ಲೆಯ ಹುಡುಗರು ಯಾವ ಸದ್ದಿಗೆ ಕುಣಿಯುತ್ತಾರೆ ಹೇಳು. ಗಣೇಶನನ್ನು ಬಿಡುವಾಗ, ಪಲ್ಲಕ್ಕಿಯ ಮುಂದೆ, ಮದುವೆಯ ಮೆರವಣಿಗೆಯಲ್ಲಿ ಕಾಲು ಎತ್ತಿಸುವುದು ಆ ಪೆಟ್ಟು. ಸಿನಿಮಾದ ಕುಣಿತದ ಹಾಡುಗಳು ಹಳ್ಳಿಯ ಹಬ್ಬ ತೋರಿಸಬೇಕಾದಾಗಲೆಲ್ಲ ಇಂಥ ಚರ್ಮವಾದ್ಯದ ಲಯವನ್ನೇ ಎರವಲು ಪಡೆದಿವೆ. ಹಾಡಿಗೆ ಹೆಸರು ಬಂದಾಗ ಅದರೊಂದಿಗೆ ತಮಟೆ ಬಡಿದವರ ಹೆಸರು ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದೂ ನಮಗೆಲ್ಲ ಗೊತ್ತಿರುವುದೇ. ತಮಟೆಯನ್ನು ದಲಿತರ ಕೇರಿಯ ವಾದ್ಯವೆಂದು ದೂರ ಇಟ್ಟು, ಅದರ ಸದ್ದನ್ನು ಮಾತ್ರ ಹಬ್ಬಕ್ಕೆ ಕರೆಸಿಕೊಂಡ ಸಮಾಜ ನಮ್ಮದು. ಯಾರ ಮುಖ ಮುಖಪುಟಕ್ಕೆ ಯೋಗ್ಯ ಎಂದು ತೀರ್ಮಾನಿಸುವಾಗ ವಿನ್ಯಾಸಕಾರರು ಬಣ್ಣ, ಅಳತೆಗಳ ಜೊತೆಗೆ ಇದನ್ನೂ ತೀರ್ಮಾನಿಸುತ್ತಿರುತ್ತಾರೆ. ಹದಿನೆಂಟು ವರ್ಷದ ತಮಟೆ ಹುಡುಗನಿಗೆ ತನ್ನ ವಾದ್ಯ ಒಂದು ಸಂಗೀತ ಪತ್ರಿಕೆಯ ಮುಖದ ಮೇಲೆ, ಗಿಟಾರು ಇರಬೇಕಾದ ಜಾಗದಲ್ಲಿ ಕಂಡರೆ, ಆ ಪತ್ರಿಕೆ ಅವನದಾಗುತ್ತದೆ.

ಗೌರವ ಸಲ್ಲಿಸಿ ಕೈತೊಳೆದುಕೊಳ್ಳುವ ಪುಟ ಮಾತ್ರ ಅದಾಗಬಾರದು. ಒಳಗೆ ಬಣ್ಣದ ಜೋಡಿಯಲ್ಲಿ ತಮಟೆಯನ್ನು ಬೆಂಕಿಗೆ ಹಿಡಿದು ಹೇಗೆ ಹದಕ್ಕೆ ತರುತ್ತಾರೆ, ಎರಡು ಕೋಲುಗಳಲ್ಲಿ ಯಾವುದು ಯಾವ ಸದ್ದು ಹೊರಡಿಸುತ್ತದೆ ಎಂಬ ಚಿತ್ರಗಳಿರಲಿ. ಅದರ ಕೆಳಗೆ ಹದಿನಾರು ಚೌಕಗಳ ಪಟ್ಟಿ ಇರಲಿ. ಪೆಟ್ಟು ಬೀಳುವ ಚೌಕ ತುಂಬಿದ್ದು, ಬಿಡುವ ಚೌಕ ಖಾಲಿ. ಫೋನಿನಲ್ಲಿ ಬೀಟ್ ಮಾಡುವ ಆ್ಯಪ್ ತೆರೆದು ನೋಡಿದವರಿಗೆ ಈ ಚೌಕಗಳು ಹೊಸದಲ್ಲ, ಅಲ್ಲಿಯೂ ಹದಿನಾರೇ. ಪುಟ ನೋಡಿಕೊಂಡು ಆ ಲಯವನ್ನು ಫೋನಿಗೆ ಹಾಕಬಹುದು, ಮೇಜಿನ ಮೇಲೆ ಬಡಿಯಬಹುದು, ಅದರ ಮೇಲೆ ತನ್ನದೇ ರ‍್ಯಾಪ್ ಬರೆಯಬಹುದು. ಫೋನನ್ನು ಶತ್ರು ಎಂದುಕೊಂಡು ಪತ್ರಿಕೆ ಮಾಡಬೇಕಿಲ್ಲ ಎನ್ನುವುದೂ ಇಲ್ಲಿ ಸೇರಿದೆ. ಕಾಗದದಿಂದ ಕಲಿತದ್ದು ಫೋನಿನಲ್ಲಿ ಹಾಡಾಗಲಿ.

— ಒಪ್ಪಿದೆ, ತಮಟೆಯ ಪುಟವನ್ನು ನಾನೇ ಕೊಳ್ಳುತ್ತೇನೆ. ಆದರೆ ಅಡಿಪಾಯದಲ್ಲೇ ಒಂದು ಕಲ್ಲು ಸಡಿಲವಾಗಿದೆ. ಸಾಹಿತ್ಯ ಅಚ್ಚು ಹಾಕುತ್ತೇವೆ ಎನ್ನುತ್ತೀರಿ, ಅದು ಇನ್ನೊಬ್ಬರ ಸೊತ್ತು. ಹಳೆಯ ಹಾಡಿನ ಪುಸ್ತಕಗಳ ಕಾಲ ಹೋಯಿತು. ಆಡಿಯೊ ಕಂಪನಿಯ ನೋಟಿಸು ಬಂದರೆ ಎರಡನೇ ಸಂಚಿಕೆ ಇರುವುದಿಲ್ಲ.

— ಅದು ನಿಜವಾದ ಆಕ್ಷೇಪ, ಅದಕ್ಕೆ ಜಾಣತನದ ಉತ್ತರ ಹುಡುಕಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡಿನ ಸಾಹಿತ್ಯ ಒಂದು ಸಾಹಿತ್ಯ ಕೃತಿಯೇ. ಬರೆದವರು ತೀರಿಕೊಂಡು 60 ವರ್ಷದವರೆಗೆ ಅದರ ಹಕ್ಕು ಉಳಿಯುತ್ತದೆ. ವಿಮರ್ಶೆಗಾಗಿ ಒಂದೆರಡು ಸಾಲು ಎತ್ತಿಕೊಳ್ಳುವುದಕ್ಕೆ ಕಾಯ್ದೆ ಅವಕಾಶ ಕೊಡುತ್ತದೆ, ಇಡೀ ಹಾಡಿಗೆ ಕೊಡುವುದಿಲ್ಲ. 2012ರ ತಿದ್ದುಪಡಿ ಗೀತರಚನೆಕಾರರಿಗೂ ಸಂಗೀತ ನಿರ್ದೇಶಕರಿಗೂ ಗೌರವಧನದಲ್ಲಿ ಪಾಲು ಉಳಿಸಿಕೊಟ್ಟಿತು. ಹಾಡಿನ ಮಾತಿಗೆ ಬೆಲೆ ಇದೆ ಎಂದು ಹೇಳುವ ಪತ್ರಿಕೆಯೇ ಬರೆದವರಿಗೆ ಬೆಲೆ ಕೊಡದಿದ್ದರೆ ಅದಕ್ಕೆ ಬಾಯಿ ಇರುವುದಿಲ್ಲ. ಹಾಗಾಗಿ ಸಾಹಿತ್ಯದ ಪುಟವನ್ನು ಮೂರು ಕಡೆಯಿಂದ ತುಂಬಬೇಕು. ಹಕ್ಕಿನ ಅವಧಿ ಮುಗಿದ ಮಾತು ಮೊದಲನೆಯದು. ರಘು ದೀಕ್ಷಿತ್ 2008ರಲ್ಲಿ ತಂದ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದವಿತ್ತು. ಶರೀಫರು 1889ರಲ್ಲೇ ತೀರಿಕೊಂಡವರು. ಆ ಧ್ವನಿಮುದ್ರಣದ ಹಕ್ಕು ಬೇರೆ, ಆ ಮಾತುಗಳು ಮಾತ್ರ ಎಲ್ಲರವು. ಕೈವಾರದ ತಾತಯ್ಯನವರ ಪದಗಳೂ ಅಷ್ಟೇ. ಅವುಗಳನ್ನು ಗಿಟಾರಿನ ಕಾರ್ಡುಗಳೊಂದಿಗೆ, ತೆಲುಗಿನದನ್ನು ಕನ್ನಡ ಲಿಪಿಯಲ್ಲಿ, ಅಚ್ಚು ಹಾಕಬಹುದು. ಎರಡನೆಯದು ತಾವೇ ಬರೆದು ತಾವೇ ಹಾಡಿ ತಾವೇ ಬಿಡುಗಡೆ ಮಾಡುವ ಹುಡುಗರ ಹಾಡು. ಹಕ್ಕು ಅವರ ಕೈಯಲ್ಲೇ ಇರುತ್ತದೆ, ತಮ್ಮ ಹಾಡು ಅಚ್ಚಿನಲ್ಲಿ ಬರುವುದು ಅವರಿಗೂ ಬೇಕು. ಈ ನಾಲ್ಕು ಊರಿನಿಂದ ತಿಂಗಳಿಗೆ ಎರಡು ಅಂಥ ಹಾಡು ಆರಿಸುವುದು ಕಷ್ಟವಾಗದು. ಆರಿಸಿದ ಸಾಹಿತ್ಯವನ್ನು ಹಾಡಿದವರೇ ತಿದ್ದಿಕೊಡಬೇಕು. ಮೂರನೆಯದು ಸಿನಿಮಾ ಹಾಡು. ಅದಕ್ಕೆ ಲಹರಿ, ಆನಂದ್ ಆಡಿಯೊದಂಥ ಕಂಪನಿಗಳಿಗೆ ಹಾಡಿನ ಹೆಸರು, ಪ್ರತಿಗಳ ಸಂಖ್ಯೆ, ಬೆಲೆ ಎಲ್ಲ ನಮೂದಿಸಿ ಬರೆದು ಕೇಳಬೇಕು. ಕೆಲವರು ಒಪ್ಪಬಹುದು, ಕೆಲವರು ನಮ್ಮ ಕೈಗೆಟುಕದ ಮೊತ್ತ ಕೇಳಬಹುದು, ಕೆಲವರಿಂದ ಉತ್ತರವೇ ಬಾರದಿರಬಹುದು. ಮೊದಲ ಎರಡು ಬಗೆಯ ಹಾಡುಗಳಿಂದಲೇ 2, 3, 6, 11, 14, 15ನೇ ಪುಟಗಳು ತುಂಬುವಂತೆ ಸಂಚಿಕೆಯನ್ನು ಕಟ್ಟಿಟ್ಟುಕೊಂಡು, ಅನುಮತಿ ಬಂದ ಸಿನಿಮಾ ಹಾಡಿಗೆ ಆಗ ಜಾಗ ಮಾಡಿಕೊಡೋಣ. ಪತ್ರಗಳನ್ನಂತೂ ಈ ವಾರವೇ ಬರೆಯಬೇಕು, ಉತ್ತರಕ್ಕೆ ತಿಂಗಳುಗಳು ಹಿಡಿಯಬಹುದು.